ಷಡ್ಡಕ ಮತ್ತು ಮುಚ್ಚದ ಗುರುತು

ನನ್ನ ಷಡ್ಡಕನಷ್ಟು ಒಳ್ಳೆಯ ಮನುಷ್ಯ ಇಡೀ ಬೆಳಗಾವಿಯಲ್ಲಿ ಇಲ್ಲ. ಅದಕ್ಕೇ ಅವನನ್ನು ಕಂಡರೆ ನನಗೆ ಮೈ ಉರಿಯುತ್ತದೆ! ನನ್ನ ಹೆಂಡತಿಯ ತಂಗಿಯ ಗಂಡ. ಹರಿದದ್ದು, ಮುರಿದದ್ದು, ಅರ್ಧಂಬರ್ಧ ಆದದ್ದು ಯಾವುದನ್ನೂ ಒಲ್ಲೆ ಅನ್ನುವವನಲ್ಲ. ಒಮ್ಮೆ ಸಾಂಬ್ರಾದ ಬಳಗದವರ ಮದುವೆ ಪತ್ರಿಕೆಯಲ್ಲಿ ಮದುವೆ ಎಲ್ಲಿ ಎಂಬುದೇ ಅಚ್ಚಾಗಿರಲಿಲ್ಲ. ಸ್ಥಳವಿಲ್ಲದ್ದು ಆಮಂತ್ರಣವೇ ಅಲ್ಲ ಎಂದು ನಾನು ಮನೆಯಲ್ಲಿ ಕೂತೆ. ಅವನು ಬಸ್ಸು ಹತ್ತಿ, ಬ್ಯಾಂಡು ಕೇಳಿಸಿದಲ್ಲಿ ಇಳಿದು, ಹೋಳಿಗೆ ಉಂಡು ಬಂದ! ನನ್ನ ಹೆಂಡತಿಗೆಂದು ಕೊಟ್ಟ ಜಂಪರ್ ಬಟ್ಟೆಯನ್ನೂ ಅವನೇ ತಂದ. ಆಮೇಲೆ ನಮ್ಮ ಮನೆಯಲ್ಲಿ ಏನಾಯಿತೆಂದು ಬೇರೆ ಹೇಳಬೇಕೆ?

ನಾನೂ ಅವನೂ ಇಬ್ಬರೂ ಕಂಪ್ಯೂಟರ್ ಕೆಲಸದವರು. ಖಾನಾಪುರದ ಮಾವನವರು ಆಗ ತಾನೇ ಇಂಟರ್‌ನೆಟ್ ಹಾಕಿಸಿದ್ದರು. ಅವರ ಹುಟ್ಟೂರು ಹಲಸಿ. ಅಲ್ಲಿಯ ಮಾಸ್ತರರೊಬ್ಬರು ಊರಿನ ಹಳೆಯ ಗುಡಿಗಳ ಬಗ್ಗೆ ತಮ್ಮ ಜಾಲತಾಣದಲ್ಲಿ ಬರೆಯುತ್ತಿದ್ದರು. ಹೊಸ ಬರಹಗಳನ್ನು ಹೊತ್ತು ತರುವ ಕಡತಕ್ಕೆ ಫೀಡು ಅನ್ನುತ್ತಾರೆ. ಅದನ್ನು ಓದಿ ತೋರಿಸುವ ತಂತ್ರಾಂಶವೊಂದನ್ನು ಮಾವನವರಿಗೆ ನಾನು ಬರೆದುಕೊಟ್ಟೆ. ಫೀಡಿನಲ್ಲಿ ಬರಹದ ಮೊದಲಿಗೊಂದು ತೆರೆಯುವ ಗುರುತು, ಕೊನೆಗೊಂದು ಮುಚ್ಚುವ ಗುರುತು ಇರಬೇಕು. ಮಾಸ್ತರರೋ, ಮುಚ್ಚುವುದನ್ನೇ ಮರೆಯುವವರು! ನನ್ನ ತಂತ್ರಾಂಶ "ಫೀಡು ಅಶುದ್ಧ" ಎಂದು ಹೇಳಿ ಮುಖ ತಿರುಗಿಸುತ್ತಿತ್ತು. ನಿಯಮವೆಂದರೆ ನಿಯಮ. ಷಡ್ಡಕನೂ ಒಂದು ಬರೆದ. ಅದು ಗುರುತನ್ನು ತಾನೇ ಊಹಿಸಿ ಮುಚ್ಚಿ, ಗುಡಿಯನ್ನು ತೋರಿಸಿಯೇಬಿಟ್ಟಿತು.

"ಸಣ್ಣ ಅಳಿಯಾಂದ್ರು ಮಾಡಿದ್ದು ನೋಡ್ರಿ, ಎಷ್ಟ ಛಂದ ಓದತೈತಿ!" ಎಂದರು ಮಾವನವರು. ಯಾರ ಮುಂದೆ? ನನ್ನ ಮುಂದೆ!

ಬೆಳಗಾವಿಯ ರವಿವಾರ ಪೇಟೆಯಲ್ಲಿ ಚಹಾ ಕುಡಿಯುವಾಗ ಅವನನ್ನು ಹಿಡಿದೆ.

"ಹಿಂಗ ನೀನ ಮುಚ್ಚಿಕೋತ ಹೋದ್ರ ಮಾಸ್ತರು ಕಲಿಯೂದು ಯಾವಾಗೋ?"

"ಕಲಸೂಣ್ರಿ ಅಣ್ಣಾರ. ಎಲ್ಲೆ ತಪ್ಪೈತಿ ಅಂತ ಅವರಿಗೆ ಇ-ಮೇಲ್ ಹಾಕೀನಿ. ಆದ್ರ ಬರದಾವ್ರು ತಪ್ಪಿದ್ರ ಓದಾವ್ರು ಯಾಕ ಉಪವಾಸ ಇರಬೇಕ್ರಿ?"

ಮನೆಗೆ ಬಂದು ನನ್ನ ಸ್ವಂತ ಜಾಲತಾಣದಲ್ಲಿ ಎಲ್ಲವನ್ನೂ ಕಾರಿಕೊಂಡೆ: ತಪ್ಪು ಫೀಡುಗಳನ್ನು ಮುದ್ದು ಮಾಡುವವರು ಲೋಕವನ್ನೇ ಕೆಡಿಸುತ್ತಾರೆ, ಅಂಥವನೊಬ್ಬ ನಮ್ಮ ಬೀಗರ ಮನೆಯಲ್ಲೇ ಇದ್ದಾನೆ! ಮರುದಿನ ಹೆಮ್ಮೆಯಿಂದ ನನ್ನದೇ ತಂತ್ರಾಂಶದಲ್ಲಿ ತೆರೆದು ನೋಡಿದೆ. "ಫೀಡು ಅಶುದ್ಧ." ಸಿಟ್ಟಿನ ಭರದಲ್ಲಿ ಗುರುತು ಮುಚ್ಚುವುದನ್ನು ನಾನೇ ಮರೆತಿದ್ದೆ!

ಅಷ್ಟರಲ್ಲಿ ಷಡ್ಡಕನ ಫೋನು ಬಂತು.

"ಅಣ್ಣಾರ, ಖಾನಾಪುರಕ್ಕ ಬಂದೀನ್ರಿ. ನಿಮ್ಮ ಬರಹ ನನ್ನ ತಂತ್ರಾಂಶದಾಗ ತಗದು ಮಾವಾರಿಗೆ ಓದಿ ಹೇಳಿದ್ನಿ. ‘ದೊಡ್ಡ ಅಳಿಯಾಂದ್ರು ಖರೇನ ಭಾರಿ ಬರೀತಾರ’ ಅಂದ್ರು."

"ನಿನ್ನ ಬೈದದ್ದೂ ಓದಿದೇನೋ?"

"ಅದನ್ನಷ್ಟ ದಾಟಿ ಮುಂದ ಓದಿದ್ನಿರೀ."

ಮಾವನವರ ಬಾಯಿಂದ ಅಂಥದೊಂದು ಮಾತಿಗಾಗಿ ಮದುವೆಯಾದಂದಿನಿಂದ ಕಾದಿದ್ದೆ. ಅದನ್ನು ನನಗೆ ಕೊಡಿಸಿದವನು ಇವನೇ! ಹೊಟ್ಟೆಕಿಚ್ಚಿನ ಜೊತೆಗೆ ಕಣ್ಣೂ ತುಂಬಿ ಬಂತು.

"ತಮ್ಮಾ, ನಾ ನಿನಗ..." ಎಂದೆ.

"ತಿಳೀತ್ರಿ ಅಣ್ಣಾರ," ಎಂದ ಅವನು. "ಸಂಜೀಕ ಊಟಕ್ಕ ಇಲ್ಲೇ ಬರ್ರಿ."