ರೇಡಿಯೋ ವಾಲ್ವಿಗೆ ಬೂದಿ ತಿಕ್ಕಿದ್ದು

ಚೆನ್ನಾಗಿ ಕೆಲಸ ಮಾಡುತ್ತಿರುವ ವಸ್ತುವನ್ನು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವ ಚಪಲ ಬಹಳ ಜನಕ್ಕಿದೆ. ಅದರಿಂದ ಅಂಥ ನಷ್ಟವೇನೂ ಇಲ್ಲ, ಹೇಗೂ ಅದು ಕೆಟ್ಟಿರುತ್ತದೆ. ನನ್ನದು ಬೇರೆ ಜಾತಿಯ ಚಪಲ. ನಡೆಯುತ್ತಿರುವ ಗಡಿಯಾರ ಇನ್ನೂ ಚೆನ್ನಾಗಿ ನಡೆಯಲಿ ಎಂದು ಒಮ್ಮೆ ಅದಕ್ಕೆ ಹರಳೆಣ್ಣೆ ಬಿಟ್ಟಿದ್ದೆ. ಎರಡು ದಿನ ಗೋಡೆಗೆಲ್ಲ ಎಣ್ಣೆ ಇಳಿಸಿ ಅದು ನಿಂತುಹೋಯಿತು. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಅಲ್ಲಿ ಬಿಚ್ಚಿ ನೋಡುವಂಥದ್ದು ಕಡತದ ದಾರ ಒಂದೇ. ಹಾಗಾಗಿ ನನ್ನ ಕೈಯ ತುರಿಕೆಯೆಲ್ಲ ಮನೆಯ ಸಾಮಾನುಗಳ ಮೇಲೇ ತೀರಬೇಕಾಗಿತ್ತು.

ನಾವು ಆಗ ಎಚ್.ಡಿ. ಕೋಟೆಯಲ್ಲಿದ್ದೆವು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆಗೆ ಕರೆಂಟು ಬಂದಿತ್ತು, ಆದರೆ ಇರುವುದಕ್ಕೆಂದು ಬಂದಿರಲಿಲ್ಲ. ಸಂಜೆಯಾದರೆ ಲಾಟೀನು ಬೇಕೇ ಬೇಕು. ಅದರ ಗಾಜಿಗೆ ಒಲೆಯ ಬೂದಿ ಹಾಕಿ, ಬಟ್ಟೆಯಲ್ಲಿ ತಿಕ್ಕಿ, ಇದೆಯೋ ಇಲ್ಲವೋ ಎನ್ನುವಷ್ಟು ಫಳಫಳ ಮಾಡುವುದು ನನ್ನ ಪಾಲಿನ ಕೆಲಸ. ಗಾಜು ತಿಕ್ಕುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ ಎಂದು ನನ್ನ ಹೆಂಡತಿ ನಾಗರತ್ನ ಹೇಳುತ್ತಿದ್ದಳು. ಆ 'ಮಾತ್ರ' ನನ್ನ ಕಿವಿಗೆ ಬೀಳುತ್ತಿರಲಿಲ್ಲ, ಹೊಗಳಿಕೆಯಷ್ಟೇ ಬೀಳುತ್ತಿತ್ತು.

ಆ ವರ್ಷದ ಆಯುಧಪೂಜೆಯ ದಿನ ಈಳಿಗೆಮಣೆ, ಕತ್ತರಿ, ಸೈಕಲ್ಲು ಎಲ್ಲ ತೊಳೆದು ಮುಗಿಸಿದ ಮೇಲೂ ಉತ್ಸಾಹ ಉಳಿದಿತ್ತು. ರೇಡಿಯೋ ಕಣ್ಣಿಗೆ ಬಿತ್ತು. ಹೊರಗಿನಿಂದ ಒರೆಸಿ ಕುಂಕುಮ ಇಟ್ಟಿದ್ದರೆ ಚಾಮುಂಡೇಶ್ವರಿಗೆ ಸಾಕಾಗುತ್ತಿತ್ತು. ನನಗೆ ಸಾಕಾಗಲಿಲ್ಲ. ಹಿಂದಿನ ರಟ್ಟಿನ ಮುಚ್ಚಳ ಬಿಚ್ಚಿದೆ. ಒಳಗೆ ಸಣ್ಣ ಗಾಜಿನ ಬುರುಡೆಗಳಂಥ ಐದು ವಾಲ್ವುಗಳು ಧೂಳು ಹಿಡಿದು ಕೂತಿದ್ದವು. ಗಾಜು, ಒಳಗೊಂದು ಕಿಡಿ. ನನ್ನ ಲೆಕ್ಕದಲ್ಲಿ ಅದು ಲಾಟೀನಿನ ಮರಿ. ಐದನ್ನೂ ಕಿತ್ತು ತಟ್ಟೆಯಲ್ಲಿಟ್ಟುಕೊಂಡು ಜಗಲಿಗೆ ಬಂದು ಬೂದಿ ಹಾಕಿ ತಿಕ್ಕಿದೆ. ಮೈಮೇಲೆ ಬಿಳಿಯ ಕಲೆಯಂತೆ ಏನೋ ಇತ್ತು. ಅದು ಹೋಗಲು ಸ್ವಲ್ಪ ಹಟ ಮಾಡಿತು, ನಾನೂ ಹಟ ಮಾಡಿದೆ. ಆ ಕಲೆಯೇ ವಾಲ್ವಿನ ನಂಬರು ಎಂಬುದು ಆಮೇಲೆ ಗೊತ್ತಾದ ವಿಷಯ.

ವಾಪಸು ಕೂರಿಸುವಾಗ ಯಾವುದು ಎಲ್ಲಿತ್ತೆಂದು ನೆನಪಾಗಲಿಲ್ಲ. ಐದಕ್ಕೂ ಎಂಟೆಂಟು ಕಾಲು, ಐದು ಗೂಡಿಗೂ ಎಂಟೆಂಟು ತೂತು. ಯಾವುದನ್ನು ಎಲ್ಲಿಟ್ಟರೂ ಕೂತಿತು. ಕೂತ ಮೇಲೆ ಸರಿ ಎಂದುಕೊಂಡೆ. ನಮ್ಮ ಕಚೇರಿಯಲ್ಲೂ ಯಾರನ್ನು ಯಾವ ಕುರ್ಚಿಯಲ್ಲಿ ಕೂರಿಸಿದರೂ ಕಚೇರಿ ನಡೆಯುತ್ತಿತ್ತು. ಸ್ವಿಚ್ಚು ಹಾಕಿದೆ. ಒಂದು ವಾಲ್ವು ಝಗ್ಗೆಂದು ಉರಿದು ಹೊಟ್ಟೆ ಕಪ್ಪಾಯಿತು. ಉಳಿದ ನಾಲ್ಕೂ ಅದರ ಜೊತೆಗೇ ಕಣ್ಣು ಮುಚ್ಚಿದವು.

ಬೇರೆ ಸಮಯವಾಗಿದ್ದರೆ ಒಂದು ತಿಂಗಳು ರೇಡಿಯೋ ಇಲ್ಲದೆ ಬದುಕಬಹುದಿತ್ತು. ಆದರೆ ಹಿಂದಿನ ತಿಂಗಳು ರೇಡಿಯೋ ನಿಲಯದವರು ಜನಪದ ಹಾಡು ಹುಡುಕಿಕೊಂಡು ನಮ್ಮೂರಿಗೆ ಬಂದು, ಶಾಲೆಯ ಕೊಠಡಿಯಲ್ಲಿ ಹೆಂಗಸರನ್ನು ಕೂರಿಸಿ ಹಾಡಿಸಿಕೊಂಡು ಹೋಗಿದ್ದರು. ನಾಗರತ್ನ ಪಿರಿಯಾಪಟ್ಟಣದ ಕಡೆಯವಳು, ಮದುವೆ ಮನೆಯ ಸೋಬಾನೆ ಪದಗಳೆಲ್ಲ ಅವಳ ಬಾಯಲ್ಲಿದ್ದವು. ಅವಳು ಹಾಡಿದ್ದು ಮುಂದಿನ ವಾರದ ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತದೆಂದು ಕಾಗದ ಬಂದಿತ್ತು. ಮೂರು ನುಡಿ ಹಾಡಿದ್ದಳು. ಹೊತ್ತು ಸಾಲದಿದ್ದರೆ ಮೂರನೆಯದನ್ನು ಬಿಡಬಹುದೆಂದು ಅವರು ಆವತ್ತೇ ಹೇಳಿದ್ದರು. ಬಿಡುತ್ತಾರೋ ಹಾಕುತ್ತಾರೋ ಎಂಬುದೇ ಅವಳ ಯೋಚನೆ. ಮೂರನೆಯದು ಅವಳ ಅವ್ವ ಕಟ್ಟಿದ ನುಡಿ. ಬೀದಿಯ ಹೆಂಗಸರನ್ನೆಲ್ಲ ಆವತ್ತು ನಮ್ಮ ಮನೆಗೆ ಕರೆದಿದ್ದಳು.

ಇಂಥವಳಿಗೆ ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ಕರೆಂಟು ಸಾಲದು, ಅದಕ್ಕೇ ಹಾಡುತ್ತಿಲ್ಲ ಎಂದೆ. ನಮ್ಮೂರಿನ ಕರೆಂಟಿನ ಮೇಲೆ ಯಾವ ಸುಳ್ಳು ಹೇಳಿದರೂ ಜನ ನಂಬುತ್ತಿದ್ದರು. ಸುಟ್ಟ ವಾಲ್ವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ಭಾನುವಾರ ಸ್ನೇಹಿತರೊಬ್ಬರ ಮಗುವಿನ ನಾಮಕರಣ ಎಂಬ ಇನ್ನೊಂದು ಸುಳ್ಳು ಹೇಳಿ ಕೆ.ಆರ್. ನಗರಕ್ಕೆ ಹೋದೆ. ಅಲ್ಲಿಯ ಅಂಗಡಿಯವನು ನಂಬರು ಕೇಳಿದ. ನಾನು ಕಾಲೆಣಿಸಿ ಎಂಟು ಎಂದೆ. ಅವನು ನನ್ನ ಮುಖ ನೋಡಿ, ಪೆಟ್ಟಿಗೆಯಲ್ಲಿ ತಡಕಿ, ಅಷ್ಟೇ ಉದ್ದದ ಎಂಟು ಕಾಲಿನ ಒಂದನ್ನು ಕೊಟ್ಟ. ಮನೆಗೆ ತಂದು ಹಾಕಿದೆ. ಚೆನ್ನಾಗಿ ಕೂತಿತು. ಕೂತಿದ್ದು ಬಿಟ್ಟು ಬೇರೇನೂ ಮಾಡಲಿಲ್ಲ.

ಮಂಗಳವಾರ ಕಚೇರಿಯ ಕೆಲಸದ ನೆಪದಲ್ಲಿ ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ಬಸ್ಸು ಹಿಡಿದು ಹುಣಸೂರಿಗೆ ಹೋದೆ. ಅಲ್ಲಿ ಖಾದರ್ ಸಾಹೇಬರೆಂಬ ರೇಡಿಯೋ ರಿಪೇರಿಯವರಿದ್ದರು. ಕಡಿಮೆ ಮಾತಿನ ಮನುಷ್ಯ. ಹೊಸ ವಾಲ್ವು, ಸುಟ್ಟ ವಾಲ್ವು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಸುಟ್ಟದ್ದರ ಬುಡದಲ್ಲಿ ಅಂಟಿದ್ದ ಬೂದಿಯನ್ನು ಉಗುರಿನಿಂದ ಕೆರೆದು ಮೂಸಿದರು.

"ಇದ್ನ ಯಾಕೆ ಸಾರ್ ಬೆಳಗಿದ್ರಿ? ಇದೇನ್ ಪಾತ್ರೇನಾ?"

ಆಯುಧಪೂಜೆ ಎಂದೆ. ಅವರು ನಗಲಿಲ್ಲ, ಅದೇ ಕಷ್ಟವಾಯಿತು. ವಾಲ್ವುಗಳಲ್ಲೂ ಮನೆತನಗಳಿವೆ, ಒಂದು ಮನೆತನದ್ದು ಇನ್ನೊಂದರ ಮನೆಯಲ್ಲಿ ಬಾಳುವುದಿಲ್ಲ, ಕಾಲು ಹೊಂದಿದರೆ ಸಾಲದು, ಅದು ಕುಡಿಯುವ ಕರೆಂಟೂ ಹೊಂದಬೇಕು ಎಂದು ಬಿಡಿಸಿ ಹೇಳಿ, ರೇಡಿಯೋ ಸೆಟ್ಟನ್ನೇ ತಂದರೆ ಮಾತ್ರ ಆಗುತ್ತದೆ ಎಂದರು.

ಸೆಟ್ಟನ್ನು ಹೊರುವುದೆಂದರೆ ಹೆಂಡತಿಯ ಕಣ್ಣೆದುರಿಗೇ ಹೊರಬೇಕು. ಬುಧವಾರ ಸಂಜೆಯವರೆಗೂ ಮುಂದೂಡಿ ಕೊನೆಗೆ ಬಾಯಿಬಿಟ್ಟೆ. ಅವಳು ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಕರೆಂಟು ಅಂದ್ರಲ್ಲ ಓದ್ ವಾರದಿಂದ?"

"ಹ್ಞೂಂ, ಅಂದಿದ್ದೆ."

"ಸರಿ ಬುಡಿ. ನಾಳೆ ಅನ್ನೆರಡೂವರೆ ಒಳಗೆ ತಂದ್ಬುಡಿ ಸಾಕು."

ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ತಡವಾದರೆ ನಮ್ಮ ತಹಶೀಲ್ದಾರರ ಮನೆಯ ರೇಡಿಯೋದಲ್ಲಿ ಕೇಳಬಹುದಲ್ಲ ಎಂದೆ. ನಮ್ಮನೇಲಿ ಒಂದಿರುವಾಗ ಇನ್ನೊಬ್ಬರ ಮನೆ ಬಾಗಿಲಿಗೆ ಯಾಕೆ ಹೋಗಲಿ ಎಂದು ಮತ್ತೆ ಮೊರ ಎತ್ತಿಕೊಂಡಳು.

ಗುರುವಾರ ರಜೆ ಹಾಕಿ, ಸೆಟ್ಟನ್ನು ಹಳೆಯ ಸೀರೆಯಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೇ ಹೋದೆ. ಕಂಡಕ್ಟರು ಅದಕ್ಕೂ ಟಿಕೆಟ್ಟು ಹರಿದ. ಖಾದರ್ ಸಾಹೇಬರು ಅಂಗಡಿ ತೆರೆದದ್ದೇ ಹತ್ತು ಗಂಟೆಗೆ. ರಟ್ಟಿನ ಮುಚ್ಚಳ ಬಿಚ್ಚಿ ತಿರುಗಿಸಿ ನನ್ನ ಮುಂದೆ ಇಟ್ಟರು. ಒಳಮೈಗೆ ಒಂದು ಚೀಟಿ ಅಂಟಿತ್ತು. ಐದು ಗೂಡಿನ ಚಿತ್ರ, ಯಾವ ಗೂಡಿಗೆ ಯಾವ ನಂಬರು ಎಂದು ಅಚ್ಚು ಹಾಕಿದ ಅಕ್ಷರದಲ್ಲಿ ಬರೆದಿತ್ತು. ಐದು ದಿನ ಜೇಬಿನಲ್ಲಿ ವಾಲ್ವು ಇಟ್ಟುಕೊಂಡು ಊರೂರು ಅಲೆದ ನಾನು, ಬಿಚ್ಚಿದ ಮುಚ್ಚಳವನ್ನು ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಆ ಚೀಟಿಯನ್ನು ಅಲ್ಲೇ ನಿಂತು ನಾಲ್ಕು ಸಲ ಓದಿದೆ. ಐದು ನಂಬರೂ ಬಾಯಿಗೆ ಬಂದವು.

ಬೇಕಾದ ವಾಲ್ವು ಸಾಹೇಬರ ಮನೆಯಲ್ಲಿತ್ತು. ಅದು ಬಂದು, ನಂಬರು ಅಳಿಸಿದ್ದರೂ ಒಳಗಿನ ತಂತಿ ನೋಡಿಯೇ ಅವರು ಗುರುತು ಹಿಡಿದ ನಾಲ್ಕು ವಾಲ್ವುಗಳು ತಂತಮ್ಮ ಜಾಗಕ್ಕೆ ಹೋಗಿ, ಸುಟ್ಟಿದ್ದ ಇನ್ನೊಂದು ಸಣ್ಣ ಸಾಮಾನು ಬದಲಾಗುವಷ್ಟರಲ್ಲಿ ಹನ್ನೊಂದೂವರೆಯ ಬಸ್ಸು ಹೋಗಿಯಾಗಿತ್ತು. ಕೊನೆಗೆ ಸ್ವಿಚ್ಚು ಹಾಕಿದಾಗ ಐದೂ ಒಂದೊಂದಾಗಿ ಕೆಂಪಗೆ ಮಿನುಗಿದವು. ನಾನು ಸೆಟ್ಟಿನ ಹಿಂದೆ ಬಗ್ಗಿ, ಇದು ಇಲ್ಲಿ, ಅದು ಅಲ್ಲಿ ಎಂದು ನಂಬರು ಹೇಳಿಕೊಳ್ಳುತ್ತ ನಿಂತೆ. ಮುಂದುಗಡೆ ಯಾರೋ ಹೆಂಗಸು ಹಾಡುತ್ತಿದ್ದಳು.

"ಸಾರ್, ಒಸಿ ಸುಮ್ಕಿರಿ. ಆಯಮ್ಮ ಎಷ್ಟ್ ಚೆನ್ನಾಗ್ ಹಾಡ್ತಾವ್ರೆ, ಕೇಳಿ," ಎಂದರು ಸಾಹೇಬರು.

ತಲೆ ಎತ್ತಿ ಗಡಿಯಾರ ನೋಡಿದೆ. ಹನ್ನೆರಡೂವರೆ ದಾಟಿತ್ತು. ಊರಿನಲ್ಲಿ ಹೆಂಗಸರು ಬಂದು ಕೂತಿರುತ್ತಾರೆ ಎಂಬ ಗಾಬರಿ ಹುಟ್ಟಿತು. ಮರುಕ್ಷಣವೇ ಅದಕ್ಕಿಂತ ದೊಡ್ಡ ಹೆಮ್ಮೆ ಬಂತು. ಇವಳು ನನ್ನ ಹೆಂಡತಿ ಎಂದೆ. ಸಾಹೇಬರು ನಂಬಲಿಲ್ಲ. ಕಾಗದ ಬಂದದ್ದು, ಶಾಲೆಯಲ್ಲಿ ಹಾಡಿದ್ದು, ಪಿರಿಯಾಪಟ್ಟಣದ ತವರು ಎಲ್ಲವನ್ನೂ ವಿವರಿಸಿದೆ. ಪಕ್ಕದ ಅಂಗಡಿಯವರನ್ನೂ ಕರೆದು ಹೇಳಿದೆ. ಅವರೆಲ್ಲ ನಂಬಿ ತಲೆಯಾಡಿಸುವ ಹೊತ್ತಿಗೆ ರೇಡಿಯೋದಲ್ಲಿ ಒಬ್ಬರು ಬದನೆ ಗಿಡದ ಹುಳುವಿನ ಬಗ್ಗೆ ಮಾತಾಡುತ್ತಿದ್ದರು.

ಕೋಟೆಗೆ ಬಂದಾಗ ಸಂಜೆ. ಬೀದಿಯ ಹೆಂಗಸರು ಹೇಳಿದ ಸಮಯಕ್ಕೆ ಬಂದು, ಖಾಲಿ ಮೇಜಿನ ಮುಂದೆ ಕೂತಿದ್ದರಂತೆ. ಬಂದವರನ್ನು ಹಾಗೇ ಕಳಿಸುವುದು ಹೇಗೆಂದು ನಾಗರತ್ನ ಮೂರು ನುಡಿಯನ್ನೂ ತಾನೇ ಹಾಡಿ, ಎಲೆ ಅಡಿಕೆ ಕೊಟ್ಟು ಕಳಿಸಿದ್ದಳು. ಸೆಟ್ಟನ್ನು ಮೇಜಿನ ಮೇಲೆ ಇಟ್ಟು ಹಾಕಿ ತೋರಿಸಿದೆ. ಅವಳು ಅದರ ಕಡೆ ನೋಡಲಿಲ್ಲ.

"ನೀವು ಅಲ್ಲಿ ಕೇಳುದ್ರಾ?"

"ಕೇಳಿದೆ. ದನಿ ಬಹಳ ಸ್ಪಷ್ಟವಾಗಿತ್ತು."

"ಮೂರ್ನೇ ನುಡಿ ಆಕಿದ್ರಾ?"

ನಾನು ಸ್ಟೇಷನ್ನಿನ ಮುಳ್ಳನ್ನು ಅತ್ತಿತ್ತ ತಿರುಗಿಸತೊಡಗಿದೆ. ಅವಳು ಒಲೆಯ ಕಡೆ ಹೋಗುತ್ತ, ಸ್ಪಷ್ಟವಾಗಿದ್ದದ್ದು ತನ್ನ ದನಿಯೋ ರೇಡಿಯೋದ್ದೋ ಎಂದು ಕೇಳಿದಳು.

ಆ ಸೆಟ್ಟು ಆಮೇಲೆ ಬಹಳ ವರ್ಷ ಹಾಡಿತು. ಅವಳ ಹಾಡು ಮಾತ್ರ ಮತ್ತೆ ಅದರಲ್ಲಿ ಬರಲಿಲ್ಲ. ಬೀದಿಯವರೆಲ್ಲ ಕೇಳಿದ್ದರು, ಹುಣಸೂರಿನ ಸಾಹೇಬರು ಕೇಳಿದ್ದರು. ಐದು ವಾಲ್ವಿನ ನಂಬರನ್ನು ಈಗ ಕೇಳಿದರೂ ಗೂಡಿನ ಸಮೇತ ಹೇಳಬಲ್ಲೆ. ಮೂರನೇ ನುಡಿ ಬಂತೋ ಇಲ್ಲವೋ, ಹೇಳಲಾರೆ.