ಗೆದ್ದವರ ಬಸ್ಸು

ಆ ಸೋಮವಾರ ಬೆಳಿಗ್ಗೆ ಆಂಟಿಗುವಾ ಮತ್ತೊಮ್ಮೆ ಅಮೆರಿಕವನ್ನು ಸೋಲಿಸಿತು. ಹೆಸ್ಕೆತ್ ಜಾರ್ವಿಸ್ ಆಗ ಗಡ್ಡ ಹೆರೆದುಕೊಳ್ಳುತ್ತಿದ್ದ. ಪಕ್ಕದ ಮನೆಯ ರೇಡಿಯೊ ಸುದ್ದಿಯನ್ನು ಕಿರುಚಿದ್ದೇ ತಡ, ಬ್ಲೇಡು ಜಾರಿ ಗಲ್ಲ ಗೀರಿತು.

"ಅಯ್ಯೋ ದೇವರೇ, ಮತ್ತೆ ಗೆದ್ದುಬಿಟ್ವಾ?" ಎಂದು ಅವನು ಕನ್ನಡಿಯನ್ನೇ ಕೇಳಿದ.

ಗೆಲುವು ಎಂದರೆ ಅವನಿಗೆ ಸುಸ್ತು. ಒಂದು ಕಾಲದಲ್ಲಿ ಅವನು ಸೇಂಟ್ ಜಾನ್ಸ್ ಪೇಟೆಯ ಒಂದು ತಣ್ಣನೆಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಸಮುದ್ರದಾಚೆಯ ಅಮೆರಿಕನ್ನರು ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕಟ್ಟುತ್ತಿದ್ದ ಬಾಜಿಗಳನ್ನು ಬರೆದುಕೊಳ್ಳುತ್ತಿದ್ದ. ಕುದುರೆ, ಫುಟ್‌ಬಾಲು, ಬಾಕ್ಸಿಂಗು, ಯಾವುದಾದರೂ ಸರಿ. ಆಮೇಲೆ ಅಮೆರಿಕಕ್ಕೆ ಇದ್ದಕ್ಕಿದ್ದಂತೆ ನೀತಿ ನೆನಪಾಯಿತು. ತನ್ನ ಜನ ಹೊರದೇಶದಲ್ಲಿ ಜೂಜಾಡಬಾರದು ಎಂದು ಬಾಗಿಲು ಹಾಕಿತು. ಹೆಸ್ಕೆತ್‌ನ ಕಚೇರಿ ಮುಚ್ಚಿತು. ಅವನು ಕೂರುತ್ತಿದ್ದ ತಿರುಗುವ ಕುರ್ಚಿ ಈಗ ಒಂದು ಕ್ಷೌರದಂಗಡಿಯಲ್ಲಿದೆ.

ನಮ್ಮದು ಅಂಗೈಯಗಲದ ದ್ವೀಪವಾದರೂ ಬಾಯಿಗೇನೂ ಕಡಿಮೆಯಿಲ್ಲ. ದೇಶದೇಶಗಳ ವ್ಯಾಪಾರದ ಜಗಳ ಬಗೆಹರಿಸುವ ಜಿನೀವಾದ ಪಂಚಾಯಿತಿಗೆ ಹೋಗಿ, "ಇವರು ತಮ್ಮ ಮನೆಯ ಕುದುರೆಗಳ ಮೇಲೆ ಬಾಜಿ ಕಟ್ಟಿದರೆ ಆಟ, ನಮ್ಮ ಹತ್ತಿರ ಕಟ್ಟಿದರೆ ಪಾಪವೇ?" ಎಂದು ದೂರು ಕೊಟ್ಟೆವು. ಪಂಚಾಯಿತಿ ನಮ್ಮದೇ ಸರಿ ಎಂದಿತು. ಅಮೆರಿಕ ಮೇಲ್ಮನವಿಗೆ ಹೋಯಿತು. ಅಲ್ಲೂ ನಾವೇ ಗೆದ್ದೆವು. ಪ್ರತಿ ಸಲವೂ ಪತ್ರಿಕೆಯವರಿಗೆ ಕೆಲಸ ಕಳೆದುಕೊಂಡವನೊಬ್ಬನ ಫೋಟೋ ಬೇಕಾಗುತ್ತಿತ್ತು. ಹೆಸ್ಕೆತ್‌ನದು ಹುಟ್ಟಿನಿಂದಲೇ ಜೋತುಬಿದ್ದ ಮುಖ. ಅವನದನ್ನೇ ಹಾಕುತ್ತಿದ್ದರು. ಹೀಗಾಗಿ ಊರಿನ ಕಣ್ಣಿಗೆ ಕೇಸು ಗೆದ್ದವನೇ ಅವನು. ಗೆದ್ದಾಗಲೆಲ್ಲ ಜನ ಮನೆಗೆ ಬಂದು ಕೈ ಕುಲುಕಿ, ಇದ್ದಬದ್ದ ಜಿಂಜರ್ ಬಿಯರ್, ಅಂದರೆ ಶುಂಠಿಯ ಪಾನಕ, ಕುಡಿದು ಹೋಗುತ್ತಿದ್ದರು. ಕೆಲಸ ಮಾತ್ರ ಬರಲಿಲ್ಲ.

ಅಂದಿನ ಗೆಲುವು ಎಲ್ಲಕ್ಕಿಂತ ವಿಚಿತ್ರವಾಗಿತ್ತು. ಅಮೆರಿಕ ಯಾರ ಮಾತೂ ಕೇಳುತ್ತಿಲ್ಲವಾದ್ದರಿಂದ, ಅದಕ್ಕೆ ಪ್ರತಿಯಾಗಿ ಆಂಟಿಗುವಾ ಅವರ ಸಿನಿಮಾ, ಹಾಡುಗಳನ್ನು ದುಡ್ಡು ಕೊಡದೆ ನಕಲು ಮಾಡಬಹುದು ಎಂದು ಪಂಚಾಯಿತಿಯಿಂದ ಅಪ್ಪಣೆಯಾಗಿತ್ತು. ಬೇರೆ ದಿನವಾಗಿದ್ದರೆ ಹೆಸ್ಕೆತ್ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅಂದೇ ಬೆಳಿಗ್ಗೆ ಉತ್ತರದ ಕಡಲ ದಂಡೆಯ ಹೋಟೆಲೊಂದರಲ್ಲಿ ಅವನಿಗೆ ಸಂದರ್ಶನವಿತ್ತು. ಸ್ವಾಗತದ ಮೇಜಿನ ಹಿಂದೆ ಕೂತು ಫೋನು ಎತ್ತುವ ಕೆಲಸ. ಹೋಟೆಲು ಅಮೆರಿಕದವರದು.

ಹೆಂಡತಿ ಇನೆಟಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ನಿಂತಿದ್ದಳು. ಕಚೇರಿ ಮುಚ್ಚಿದಾಗಿನಿಂದ ರಸ್ತೆಬದಿಯಲ್ಲಿ ಗೆಣಸಿನ ಡುಕಾನಾ ಕಡುಬು, ಉಪ್ಪುಮೀನು ಮಾರಿ ಮನೆ ನಡೆಸುತ್ತಿದ್ದವಳು ಅವಳೇ. ಬೆಳಗಾಗುವ ಮೊದಲೇ ಗೆಣಸು ತುರಿಯಲು ಕೂತರೆ ಏಳುವಾಗ ಮಂಡಿ ಹಿಡಿದುಕೊಂಡು ಏಳಬೇಕು. ಆ ನೋವಿನ ಮುಖ ನೋಡುವುದು ಹೆಸ್ಕೆತ್‌ಗೆ ಸಾಕಾಗಿತ್ತು. ಈ ಕೆಲಸ ಸಿಕ್ಕಿದರೆ ಮೊದಲು ಆ ತುರಿಯುವ ಮಣೆಯನ್ನು ಅಟ್ಟಕ್ಕೆ ಹಾಕಬೇಕು ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದ.

"ನೋಡು ಹೆಸ್ಕೆತ್," ಎಂದಳು ಇನೆಟಾ, ಅವನ ಕಾಲರು ಸರಿ ಮಾಡುತ್ತ. "ಇವತ್ತೊಂದಿನ ಎಲ್ಲೂ ಗೆಲ್ಲಕ್ಕೆ ಹೋಗ್ಬೇಡ. ಕೆಲಸ ತಗೊಂಡು ಮನೆಗೆ ಬಾ, ಸಾಕು."

"ನಾನೆಲ್ಲಿ ಗೆಲ್ತೀನೇ? ಅವರೇ ಗೆಲ್ಲಿಸ್ತಾರೆ," ಎಂದ ಹೆಸ್ಕೆತ್.

ಆ ಮಾತು ಬಾಯಲ್ಲಿರುವಾಗಲೇ ಯಾರೋ ಬಾಗಿಲು ದಡದಡ ಬಡಿದರು. ಟಾಂಟಿ ವೆರೋನಾ, ಪಕ್ಕದ ಮನೆಯ ಮುದುಕಿ, ಬೀದಿಗೆಲ್ಲ ದೊಡ್ಡಮ್ಮ. ಒಂದು ಕಂಕುಳಲ್ಲಿ ಜಿಂಜರ್ ಬಿಯರ್ ಬಾಟಲಿ, ಇನ್ನೊಂದು ಕೈಯಲ್ಲಿ ಫೋನು.

"ತಗೋಳೋ, ಮಾತಾಡು! ರೇಡಿಯೊದೋರು ಲೈನಲ್ಲಿದ್ದಾರೆ. ಇಡೀ ದೇಶ ಕೇಳ್ತಿದೆ!"

"ಟಾಂಟಿ, ನಂಗೆ ಬಸ್ಸಿಗೆ ಹೊತ್ತಾಯ್ತು..."

"ದೇಶಕ್ಕಿಂತ ಬಸ್ಸು ದೊಡ್ಡದೇನೋ?" ಎಂದು ಮುದುಕಿ ಫೋನನ್ನು ಅವನ ಕಿವಿಗೆ ಒತ್ತಿ ಹಿಡಿದಳು.

ಹೆಸ್ಕೆತ್ ಗಂಟಲು ಸರಿಪಡಿಸಿಕೊಂಡು, "ನಂಗೆ ಅಮೆರಿಕದವರದ್ದು ಏನೂ ಬೇಡ," ಎಂದ. 'ಸಿನಿಮಾನೂ ಬೇಡ, ಹಾಡೂ ಬೇಡ, ಅವರ ಹತ್ರ ಒಂದು ಒಳ್ಳೆ ಕೆಲಸ ಸಿಕ್ಕಿದ್ರೆ ಸಾಕು' ಎನ್ನುವುದು ಅವನ ಮನಸ್ಸಿನಲ್ಲಿತ್ತು. ಆದರೆ ಅಷ್ಟರಲ್ಲಿ ರೇಡಿಯೊದಲ್ಲಿ ಸಾವಿನ ಪ್ರಕಟಣೆಗಳನ್ನು ಓದುವ ಹೊತ್ತಾಯಿತು. ಆಂಟಿಗುವಾದಲ್ಲಿ ಅದಕ್ಕಾಗಿ ಪ್ರಧಾನಿಯ ಭಾಷಣವಾದರೂ ನಿಲ್ಲಬೇಕು. ಆರ್ಗನ್ ವಾದ್ಯದ ಶೋಕ ಸಂಗೀತ ಶುರುವಾಯಿತು, ಹೆಸ್ಕೆತ್‌ನ ಅರ್ಧ ಮಾತು ದೇಶಕ್ಕೆಲ್ಲ ತಲುಪಿತು, ಉಳಿದರ್ಧ ಗಂಟಲಲ್ಲೇ ಉಳಿಯಿತು.

"ಭೇಷ್!" ಎಂದಳು ಟಾಂಟಿ. "ಏನೂ ಬೇಡ ಅಂದ್ಯಲ್ಲ, ಗಂಡಸು ಅಂದ್ರೆ ನೀನು!"

ಬಸ್ ನಿಲ್ದಾಣಕ್ಕೆ ಅವಳೂ ಬಂದಳು. ಅಲ್ಲಿ ಎದುರಾದವನು ಆಲ್ರಿಕ್. ಇಗರ್ಜಿಯಲ್ಲಿ ಹೆಸ್ಕೆತ್‌ನ ಪಕ್ಕದಲ್ಲೇ ನಿಂತು ಹಾಡುವ, ಉಳಿದ ದಿನ ಕಾರಿನ ಡಿಕ್ಕಿಯಲ್ಲಿ ಕದ್ದು ನಕಲು ಮಾಡಿದ ಡಿಸ್ಕುಗಳನ್ನು ಮಾರುವ ಆಸಾಮಿ. ಅಂದು ಅವನು ಡಿಸ್ಕುಗಳನ್ನು ಡಿಕ್ಕಿಯಿಂದ ಹೊರತೆಗೆದು ಬುಟ್ಟಿಯಲ್ಲಿ ತುಂಬಿ ರಾಜಾರೋಷವಾಗಿ ತಲೆಯ ಮೇಲೆ ಹೊತ್ತಿದ್ದ.

"ನಿನ್ನೆವರೆಗೂ ಕಳ್ಳತನ, ಇವತ್ತಿಂದ ದೇಶಸೇವೆ!" ಎಂದ ಆಲ್ರಿಕ್.

"ಅಪ್ಪಣೆ ಸಿಕ್ಕಿರೋದು ಸರ್ಕಾರಕ್ಕೆ ಕಣೋ, ನಿನ್ನ ಡಿಕ್ಕಿಗಲ್ಲ," ಎಂದ ಹೆಸ್ಕೆತ್.

"ಸರ್ಕಾರ ಅಂದ್ರೆ ಯಾರು? ನಾವೇ ತಾನೆ?"

ಹೆಸ್ಕೆತ್ ಕೈಯಾಡಿಸಿ ಮುಂದೆ ನಡೆದ. ಅವನು ಬಸ್ಸು ಹತ್ತಿ ಕೂತ. ನಮ್ಮ ಬಸ್ಸುಗಳು ಗಡಿಯಾರ ನೋಡಿ ಹೊರಡುವುದಿಲ್ಲ, ಸೀಟು ನೋಡಿ ಹೊರಡುತ್ತವೆ. ಎಲ್ಲ ತುಂಬುವವರೆಗೆ ಡ್ರೈವರ್ ಲೆನ್‌ರಾಯ್‌ಗೆ ದೇವರು ಬಂದು ಹೇಳಿದರೂ ಗಾಡಿ ಅಲುಗುವುದಿಲ್ಲ. ಒಳಗೆ ಇದ್ದವನು ಹೆಸ್ಕೆತ್ ಒಬ್ಬನೇ.

"ಲೆನ್‌ರಾಯ್, ನನ್ನ ಕೆಲಸದ ಪ್ರಶ್ನೆ ಮಾರಾಯಾ, ಇವತ್ತೊಂದಿನ ಹೊರಡೋ," ಎಂದು ಅಂಗಲಾಚಿದ.

"ಗೆದ್ದೋರಿಗೆಲ್ಲ ಖಾಲಿ ಬಸ್ಸು ಓಡಿಸಿದ್ರೆ ನಾನು ಸೋತುಹೋಗ್ತೀನಿ," ಎಂದು ಲೆನ್‌ರಾಯ್ ಕಾಲು ಚಾಚಿದ.

ಟಾಂಟಿಗೆ ಕನಿಕರ ಬಂತು. ಆ ಮುದುಕಿಯ ಕನಿಕರಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಅವಳು ಮಾರುಕಟ್ಟೆಯ ಕಡೆ ತಿರುಗಿ, "ಬನ್ರೋ! ಕೇಸು ಗೆದ್ದೋನು ಕೆಲಸಕ್ಕೆ ಹೋಗ್ತಿದ್ದಾನೆ, ಬಸ್ಸು ತುಂಬ್ಸಿ!" ಎಂದು ಕೂಗಿದಳು. ಮೀನು ಮಾರುವವರು, ಮಾವಿನಹಣ್ಣಿನವರು, ಸುಮ್ಮನೆ ನಿಂತವರು, ಬುಟ್ಟಿಯ ಸಮೇತ ಆಲ್ರಿಕ್, ಎಲ್ಲ ನುಗ್ಗಿದರು. ಹತ್ತಿದವರೆಲ್ಲ ಒಬ್ಬೊಬ್ಬರಾಗಿ ಗುಡ್ ಮಾರ್ನಿಂಗ್ ಹೇಳಿದರು, ಕೂತವರೆಲ್ಲ ಒಬ್ಬೊಬ್ಬರಿಗೂ ತಿರುಗಿ ಹೇಳಿದರು. ನಮ್ಮಲ್ಲಿ ಗುಡ್ ಮಾರ್ನಿಂಗ್ ಕೇಳಿಯೂ ಬಾಯಿ ಬಿಡದವನನ್ನು, ಸಾಕಿದವರ ತಪ್ಪು ಎಂದು ಬಿಟ್ಟುಬಿಡುತ್ತಾರೆ. ಬಸ್ಸು ಹೊರಟಿತು. ಮೊದಲ ಹಳ್ಳಕ್ಕೇ ಟಾಂಟಿಯ ಬಾಟಲಿಯ ಬಿರಡೆ ಹಾರಿ, ಇನೆಟಾ ಇಸ್ತ್ರಿ ಮಾಡಿದ ಅಂಗಿಯ ಮೇಲೆಲ್ಲ ಜಿಂಜರ್ ಬಿಯರ್ ಚಿಮ್ಮಿತು.

"ಒಳ್ಳೇ ಶಕುನ," ಎಂದಳು ಟಾಂಟಿ.

ಹೋಟೆಲಿನಲ್ಲಿ ಇಳಿದ ಹೆಸ್ಕೆತ್ ಎಷ್ಟು ಬೇಡಿಕೊಂಡರೂ ಬಸ್ಸಿನವರು ಬಸ್ಸಲ್ಲಿ ಉಳಿಯಲಿಲ್ಲ. ಕಾವಲುಗಾರನಿಗೆ ಗುಡ್ ಮಾರ್ನಿಂಗ್ ಹೇಳಿ ಒಳಗೆ ಹೋದರು, ಮೆತ್ತನೆಯ ಸೋಫಾಗಳ ಮೇಲೆ ಸಾಲಾಗಿ ಕೂತರು. ಆಲ್ರಿಕ್ ಬುಟ್ಟಿಯನ್ನು ಗಾಜಿನ ಮೇಜಿನ ಮೇಲೆಯೇ ಇಟ್ಟ.

ಒಳಗಿನಿಂದ ಬಂದವರು ಶ್ರೀಮತಿ ಪರ್ವಿಸ್. ಬೆನ್ನು ಕೋಲಿನಷ್ಟು ನೆಟ್ಟಗೆ. ಹೋಟೆಲು ಆಕೆಯ ತಂದೆಯದು. ಮ್ಯಾನೇಜರು ಎಂದು ಗಂಡನ ಹೆಸರಿದ್ದರೂ ನಡೆಯುವುದು ಆಕೆಯ ಮಾತು. ಕುಡಿತ, ಇಸ್ಪೀಟು, ಕುಣಿತ ಯಾವುದೂ ಆ ಮನೆತನಕ್ಕೆ ಆಗದು. ನಮ್ಮ ದ್ವೀಪದಲ್ಲಿ ರಮ್ ಸಿಗದ ಹೋಟೆಲು ಅದೊಂದೇ ಎಂದು ಜನ ಅದನ್ನು ಬೆರಳು ಮಾಡಿ ತೋರಿಸುತ್ತಾರೆ.

"ಬೆಳಿಗ್ಗೆ ರೇಡಿಯೊದಲ್ಲಿ ನಿಮ್ಮನ್ನ ಕೇಳ್ದೆ," ಎಂದರು ಆಕೆ. "ಅಮೆರಿಕದವರದ್ದು ನಿಮಗೆ ಏನೂ ಬೇಡವಂತೆ."

ಹೆಸ್ಕೆತ್‌ನ ಜಿಂಜರ್ ಬಿಯರ್ ಅಂಗಿಯೊಳಗೆ ಬೆವರೂ ಇಳಿಯಿತು. "ಅರ್ಧ ಮಾತು ಮೇಡಮ್. ಉಳಿದಿದ್ದನ್ನ ಸತ್ತೋರು ಬಂದು ತಡೆದ್ರು. ಕೆಲಸ ಬೇಕು ಅಂತ ಹೇಳೋದ್ರಲ್ಲಿದ್ದೆ."

ಆಕೆಯ ತುಟಿಯಂಚು ಸ್ವಲ್ಪ ಅಲುಗಿತು. ಆಮೇಲೆ ಕಣ್ಣು ಬುಟ್ಟಿಯ ಮೇಲೆ ಬಿತ್ತು. "ಇದೇನಿದು?"

ಹೆಸ್ಕೆತ್ ಕಣ್ಣು ಮುಚ್ಚಿಕೊಂಡ. ಆಲ್ರಿಕ್ ಧೈರ್ಯವಾಗಿ, "ಭಕ್ತಿಗೀತೆಗಳು ಮೇಡಮ್," ಎಂದು ಮೇಲಿನ ಡಿಸ್ಕನ್ನು ಎತ್ತಿಕೊಟ್ಟ. ಅಪರೂಪಕ್ಕೆ ಅವನು ಹೇಳಿದ್ದು ನಿಜವಾಗಿತ್ತು. ಯಾವುದೋ ಅಮೆರಿಕದ ಇಗರ್ಜಿಯ ಮೇಳ. ಶ್ರೀಮತಿ ಪರ್ವಿಸ್ ಅದನ್ನು ತಿರುಗಿಸಿ ನೋಡಿ, "ಇದರಲ್ಲಿ ಪಿಯಾನೊ ನುಡಿಸಿರೋದು ನನ್ನ ತಂಗಿ!" ಎಂದರು. ಅಷ್ಟು ದೂರದ ಹಾಡನ್ನು ಇಲ್ಲಿನ ಮೀನು ಮಾರುವವರೂ ಕೇಳುತ್ತಾರಲ್ಲ ಎಂದು ಆಕೆಯ ಕಣ್ಣು ತೇವವಾಯಿತು. ಸೋಫಾದವರೆಲ್ಲ ಒಟ್ಟಾಗಿ "ಆಮೆನ್" ಎಂದರು.

ಆಕೆ ಕೇಳಿದ ಕೊನೆಯ ಪ್ರಶ್ನೆ ಒಂದೇ. "ನೀವು ಜೂಜಿನ ಕಚೇರಿಯಲ್ಲಿದ್ದೋರು. ಸ್ವತಃ ಎಂದಾದರೂ ಬಾಜಿ ಕಟ್ಟಿದ್ದೀರಾ?"

"ಒಂದು ದಿನಾನೂ ಇಲ್ಲ ಮೇಡಮ್. ಸೋತೋರ ನಿಟ್ಟುಸಿರು ದಿನಾ ಕಿವೀಲಿ ಕೇಳ್ತಿದ್ದೆ. ಅದನ್ನ ಕೇಳಿದೋನು ಕಟ್ಟಲ್ಲ."

ಆಕೆ ತಲೆಯಾಡಿಸಿದರು. "ಜೂಜುಕೋರರ ನೆರಳೂ ನಮ್ಮ ಮನೆಯಲ್ಲಿ ಬೀಳಬಾರದು. ನೀವು ಪ್ರಾಮಾಣಿಕರು. ಕೆಲಸ ನಿಮ್ಮದೇ ಅಂದ್ಕೊಳ್ಳಿ. ನನ್ನ ಗಂಡ ಬಂದು ಒಂದು ನಮಸ್ಕಾರ ಹೇಳಿಬಿಡಲಿ, ಮುಗೀತು."

ಹೆಸ್ಕೆತ್‌ಗೆ ಕಾಲಡಿಯ ನೆಲವೇ ಹಗುರವಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಅಟ್ಟದ ಮೇಲಿನ ತುರಿಮಣೆ ಕಣ್ಣಿಗೆ ಕಟ್ಟಿತು, ಕುರ್ಚಿಯಲ್ಲಿ ಕಾಲು ಚಾಚಿ ಕೂತ ಇನೆಟಾ ಕಂಡಳು.

ಆಗ ಬೆನ್ನ ಹಿಂದೆ ಯಾರೋ ಎರಡು ಸಲ ಗಂಟಲು ಸರಿಪಡಿಸಿಕೊಂಡು, "ಗುಡ್ ಮಾರ್ನಿಂಗ್," ಎಂದರು.

ಹೆಸ್ಕೆತ್‌ನ ಬೆನ್ನು ತಾನಾಗಿ ನೆಟ್ಟಗಾಯಿತು. ಕಿವಿಯ ಮೇಲೆ ಈಗಿಲ್ಲದ ಹೆಡ್‌ಫೋನಿನತ್ತ ಕೈ ಏರಿತು. ಬಾಜಿ ಕಟ್ಟುವ ಗಿರಾಕಿಗಳು ಗುರುತಿಗೆಂದು ತಾವೇ ಒಂದೊಂದು ಗುಟ್ಟಿನ ಹೆಸರಿಟ್ಟುಕೊಳ್ಳುತ್ತಿದ್ದರು. ಈ ಗಂಟಲಿನ ಸದ್ದು ಯಾರದೆಂದು ಗುರುತಿಸಲು ಅವನಿಗೆ ಆ ಹೆಸರೂ ಬೇಕಿರಲಿಲ್ಲ. ಹಳೆಯ ನೆಂಟ ಸಿಕ್ಕಷ್ಟು ಹಿಗ್ಗಿನಲ್ಲಿ ಅವನು ತಿರುಗಿದ.

"ಗುಡ್ ಮಾರ್ನಿಂಗ್ ಮಿಸ್ಟರ್ ಪೆಲಿಕನ್! ಎಷ್ಟು ಕಾಲ ಆಯ್ತು ಸಾರ್ ನಿಮ್ಮ ದನಿ ಕೇಳಿ! ಭಾನುವಾರಕ್ಕೆ ಎಂದಿನ ಹಾಗೆ ಸೋತುಹೋಗೋ ತಂಡದ ಮೇಲೇನಾ?"

ಸೋಫಾದವರೆಲ್ಲ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಕೆಂಪು ಮುಖದ ಪರ್ವಿಸ್, "ಈ ಮನುಷ್ಯನನ್ನ ನಾನು ಜನ್ಮದಲ್ಲೇ ನೋಡಿಲ್ಲ," ಎಂದರು. ಅದು ನಿಜವೇ. ನೋಡಿರಲಿಲ್ಲ.

"ಪೆಲಿಕನ್," ಎಂದರು ಶ್ರೀಮತಿ ಪರ್ವಿಸ್ ನಿಧಾನವಾಗಿ. "ಅದು ನಾವು ಮದುವೆಯಾದ ಹೊಸತರಲ್ಲಿ ಉಳಿದಿದ್ದ ಹೋಟೆಲಿನ ಹೆಸರು."

ಆಮೇಲೆ ಆಕೆ ಯಾರ ಮೇಲೂ ದನಿಯೇರಿಸಲಿಲ್ಲ. ಜೂಜಿನ ನೆರಳಿನ ಬಗ್ಗೆ ತಾವು ಹೇಳಿದ್ದು ಹೆಸ್ಕೆತ್‌ಗೆ ನೆನಪಿರಬೇಕಲ್ಲ ಎಂದರು. ಗಂಡ ಒಳಗೆ ಬರಬೇಕು, ಹೆಸ್ಕೆತ್ ಹೊರಗೆ ಹೋಗಬೇಕು ಎಂದರು. ಡಿಸ್ಕನ್ನು ಮಾತ್ರ ಇಟ್ಟುಕೊಂಡರು.

ಎಲ್ಲರೂ ಸದ್ದಿಲ್ಲದೆ ಬಸ್ಸು ಹತ್ತಿದರು. ಆದರೆ ಬಸ್ಸು ಹೊರಡಲಿಲ್ಲ. ಮಾವಿನಹಣ್ಣಿನ ಹೆಂಗಸು ಹತ್ತಿರದಲ್ಲೇ ತಂಗಿಯ ಮನೆಯಿದೆಯೆಂದು ಇಳಿದುಹೋಗಿದ್ದಳು. ಹೆಸ್ಕೆತ್‌ನ ಪಕ್ಕದ ಸೀಟು ಖಾಲಿಯಿತ್ತು. "ಒಬ್ಬರು ಬರ್ಲಿ," ಎಂದ ಲೆನ್‌ರಾಯ್.

ಆ ಒಬ್ಬರು ಬಂದರು. ಪರ್ವಿಸ್ ಟೋಪಿ ಹಿಡಿದುಕೊಂಡು ಓಡಿ ಬಂದು ಖಾಲಿ ಸೀಟಿನಲ್ಲಿ ಕುಸಿದರು. ಹೆಸ್ಕೆತ್ ಕಿಟಕಿಯ ಕಡೆ ಸರಿದು ಜಾಗ ಮಾಡಿಕೊಟ್ಟ. ಹೆಂಡತಿಯನ್ನು ಒಪ್ಪಿಸಿಯೇ ಬಂದರೇನೋ!

"ಜಾರ್ವಿಸ್, ಕೆಲಸ ಆಗಲ್ಲ ಕಣಯ್ಯಾ. ನಿನ್ನ ಮುಖ ಕಂಡ್ರೆ ಅವಳಿಗೆ ಪೆಲಿಕನ್ ನೆನಪಾಗುತ್ತೆ," ಎಂದು ಪಿಸುಗುಟ್ಟಿದರು. ಆಮೇಲೆ ಹೊರಗೆ ಇಣುಕಿ, ದನಿ ಇನ್ನಷ್ಟು ತಗ್ಗಿಸಿ, "ಅದಿರಲಿ. ಈಗ ಬಾಜಿ ಯಾರು ತಗೋತಿದ್ದಾರೆ? ಯಾವ ನಂಬರಿಗೆ ಫೋನ್ ಮಾಡ್ಬೇಕು?"

ಹೆಸ್ಕೆತ್ ಅವರನ್ನೇ ನೋಡಿದ. ಸಿಟ್ಟು ಮಾಡಿಕೊಳ್ಳಲೂ ಅವನಲ್ಲಿ ಏನೂ ಉಳಿದಿರಲಿಲ್ಲ.

"ಯಾರೂ ಇಲ್ಲ ಸಾರ್. ನಾವು ಮುಚ್ಚಿದ್ವಿ. ನಿಮ್ಮೋರೇ ಮುಚ್ಚಿಸಿದ್ರು."

"ಅನ್ಯಾಯ!" ಎಂದರು ಪರ್ವಿಸ್ ಮನಸಾರೆ ನೊಂದು. "ಶುದ್ಧ ಅನ್ಯಾಯ. ನಿಮ್ಮ ದೇಶದ್ದೇ ಸರಿ." ಅವನ ಭುಜ ತಟ್ಟಿ ಇಳಿದುಹೋದರು. ಸೀಟು ಮತ್ತೆ ಖಾಲಿಯಾಯಿತು. ಲೆನ್‌ರಾಯ್ ಶುರು ಮಾಡಿದ್ದ ಇಂಜಿನ್ನನ್ನು ಮತ್ತೆ ಆರಿಸಿದ.

"ಏನಂದ್ನೋ ಅಮೆರಿಕದೋನು?" ಎಂದು ಟಾಂಟಿ ಹಿಂದಿನಿಂದ ಕತ್ತು ಚಾಚಿದಳು.

"ನಾವೇ ಸರಿಯಂತೆ," ಎಂದ ಹೆಸ್ಕೆತ್.

ಬಸ್ಸಿನ ತುಂಬ ಕೇಕೆ ಎದ್ದಿತು. ಆಲ್ರಿಕ್ ಖಾಲಿಯಾಗದ ಬುಟ್ಟಿಯನ್ನು ತಬಲಾ ಮಾಡಿಕೊಂಡು ಬಡಿದ. ಟಾಂಟಿ ಆಗಲೇ ರೇಡಿಯೊಗೆ ಫೋನು ಹಚ್ಚಿ, "ಅಮೆರಿಕದೋನೇ ಬಾಯಿಬಿಟ್ಟು ಒಪ್ಕೊಂಡ ಕಣ್ರೋ! ನಮ್ಮ ಹೆಸ್ಕೆತ್ ಮತ್ತೆ ಗೆದ್ದ!" ಎಂದು ಕೂಗುತ್ತಿದ್ದಳು.

ಹೆಸ್ಕೆತ್ ಕಿಟಕಿಗೆ ತಲೆಯಾನಿಸಿದ. ರಸ್ತೆಬದಿಯ ಚಪ್ಪರದ ಕೆಳಗೆ ಇನೆಟಾಳ ರೇಡಿಯೊ ಈ ಹೊತ್ತಿಗೆ ಹಾಡುತ್ತಲೇ ಇರುತ್ತದೆ. ಗಂಡ ಮತ್ತೆ ಗೆದ್ದನೆಂದು ಅವಳೂ ಕೇಳಿರುತ್ತಾಳೆ. ಮನೆಗೆ ಹೋಗಿ ಬಾಯಿಬಿಟ್ಟು ಹೇಳುವ ಕಷ್ಟವೊಂದು ತಪ್ಪಿತು; ನಾಳೆಗೆ ಎಷ್ಟು ಗೆಣಸು ತುರಿಯಬೇಕು ಎಂದು ಅವಳು ಆಗಲೇ ಲೆಕ್ಕ ಹಾಕಿರುತ್ತಾಳೆ.