ಹಿಡಿದು ಬಿಡುವ ಅಳಿಯ

ಲೋಕದಲ್ಲಿ ಮೀನು ಹಿಡಿಯುವವರು ಎರಡು ಬಗೆ. ತಿನ್ನಲಿಕ್ಕೆ ಹಿಡಿಯುವವರು, ಮಾರಲಿಕ್ಕೆ ಹಿಡಿಯುವವರು. ನಮ್ಮ ಅಳಿಯ ಮೂರನೆಯ ಬಗೆ. ಬಿಡಲಿಕ್ಕೆ ಹಿಡಿಯುವವನು! ಅದೂ ಎಂಥ ಮೀನು? ಅವನಿರುವ ಸಿಂಗಾಪುರದಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗದ ಮೀನು. ಟ್ರೌಟ್ ಅಂತ ಅದರ ಹೆಸರು. ಕೊರೆಯುವ ತಣ್ಣೀರಿನಲ್ಲಿ ಮಾತ್ರ ಬದುಕುವ ಜೀವ. ಇಲ್ಲಿಯೋ, ನಲ್ಲಿ ತಿರುಗಿಸಿದರೂ ಬೆಚ್ಚಗಿನ ನೀರೇ ಬರುತ್ತದೆ!

ಮುಖದೆದುರು ‘ನೀವು’, ‘ಅಳಿಯಂದಿರು’ ಎನ್ನುವ ನಾನು ಇಲ್ಲಿ ‘ಅವನು’ ಎಂದು ಬರೆಯುತ್ತಿದ್ದೇನೆ. ಹೆದರಿಕೆಯೇನಿಲ್ಲ. ಮೈಸೂರಿನ ಹುಡುಗನಾದರೂ ಅವನ ಕನ್ನಡದ ಓದು ಬಸ್ಸಿನ ಬೋರ್ಡಿನಿಂದ ಮುಂದಕ್ಕೆ ಹೋದದ್ದಲ್ಲ. ಇದನ್ನು ಅವನಿಗೆ ಮುಂದೆಂದಾದರೂ ನನ್ನ ಮೊಮ್ಮಗಳೇ ಓದಿ ಹೇಳಬೇಕು. ಹೌದು, ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಈ ಸುದ್ದಿಯನ್ನು ಕೊನೆಯವರೆಗೂ ಬಚ್ಚಿಡಬೇಕು ಎಂದುಕೊಂಡು ಕೂತಿದ್ದೆ. ಆರನೇ ಇಯತ್ತೆ ಓದಿದವಳ ಕೈಯಲ್ಲಿ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಬಿಡಿ.

ಮದುವೆಗೆ ಮುಂಚೆ ನಮ್ಮ ಮನೆಯವರು ಗದಗಿನಿಂದ ಮೈಸೂರಿಗೆ ಹೋಗಿ ಎಲ್ಲವನ್ನೂ ವಿಚಾರಿಸಿಯೇ ಬಂದಿದ್ದರು. ಸಿಗರೇಟು? ಇಲ್ಲ. ಕುಡಿತ? ಇಲ್ಲ. ಇಸ್ಪೀಟು? ಇಲ್ಲ. ಲಿಂಗಪೂಜೆ? ಉಂಟು. ಊಟ? ಶುದ್ಧ ಸಸ್ಯಾಹಾರ, ಮೊಟ್ಟೆಯ ವಾಸನೆಯನ್ನೂ ತಡೆಯುವವನಲ್ಲ. ಇಷ್ಟೆಲ್ಲ ಕೇಳಿದ ಮೇಲೆ ‘ಮೀನು ಹಿಡಿಯುತ್ತೀರಾ?’ ಎಂದು ಕೇಳುವುದು ಯಾರಿಗೆ ಹೊಳೆದೀತು, ಹೇಳಿ!

ನಾನು ಇಲ್ಲಿಯ ಟೋವಾ ಪಾಯೋ ಎಂಬ ಬಡಾವಣೆಯ ಅವರ ಮನೆಗೆ ಬಂದದ್ದು ಮಗಳ ಬಾಣಂತನಕ್ಕೆ. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ಅದಕ್ಕೂ ಮೊದಲು ಎರಡು ಸಲ ಬಂದಂತೆ ಮಾಡಿ ಕೈಜಾರಿತ್ತು. ಈ ಸಲ ಡಾಕ್ಟರು ಮಗಳಿಗೆ ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ನಾನು ಏಳನೇ ತಿಂಗಳಿಗೇ ಬಾಣಂತಿಯ ಉಂಡೆಗೆ ಅಂಟು, ಕೊಬ್ಬರಿ, ಎಣ್ಣೆ, ಕೂಸಿಗೆ ಹಾಸಲು ಮೆತ್ತಗಾದ ಹಳೆಯ ಸೀರೆಗಳು, ಎಲ್ಲವನ್ನೂ ಕಟ್ಟಿಕೊಂಡು ಬಂದಿಳಿದೆ. ಈ ಕೂಸನ್ನು ನನ್ನ ಎರಡೂ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯಬೇಕು. ನನಗಿದ್ದದ್ದು ಅದೊಂದೇ ಆಸೆ. ಅದೊಂದೇ ಅಂಜಿಕೆ ಕೂಡ.

ಬಂದ ಮರುದಿನ ಬೆಳಿಗ್ಗೆ ಹಾಲ್ ಗುಡಿಸುತ್ತಿದ್ದೆ. ಕಿಟಕಿಯ ಪಕ್ಕದ ಟೇಬಲ್ಲಿನ ಮೇಲೆ, ಬಿಳಿ ಕಾಗದದ ತುಂಬ ಸತ್ತ ಸೊಳ್ಳೆಗಳು! ಸುಮಾರು ನಲವತ್ತು. ಬಸುರಿ ಇರುವ ಮನೆ, ಈ ಊರಿನಲ್ಲಿ ಡೆಂಗಿಯ ಹೆದರಿಕೆ ಬೇರೆ. ಕಾಗದದ ಸಮೇತ ಬಳಿದು ಕಸದ ಬಾಗಿಲಿಗೆ ಹಾಕಿದೆ. ಇಲ್ಲಿ ಅಡುಗೆಮನೆಯ ಗೋಡೆಯಲ್ಲೇ ಒಂದು ಪುಟ್ಟ ಬಾಗಿಲಿರುತ್ತದೆ. ಅದರಲ್ಲಿ ಹಾಕಿದ್ದು ಹನ್ನೊಂದು ಮಹಡಿ ಇಳಿದು ನೇರ ಪಾತಾಳ ಸೇರುತ್ತದೆ.

ಸಂಜೆ ಆಫೀಸಿನಿಂದ ಬಂದ ಅಳಿಯ ಟೇಬಲ್ಲಿನ ಮುಂದೆ ನಿಂತವನು ನಿಂತೇ ಬಿಟ್ಟ.

“ಅತ್ತೆ, ಇಲ್ಲಿ ಒಂದು ಪೇಪರ್ ಮೇಲೆ...”

“ಹೌದ್ರೀ, ಎಷ್ಟೊಂದ ಸೊಳ್ಳಿ ಸತ್ತ ಬಿದ್ದಿದ್ವು! ಎಲ್ಲಾ ಬಳದ ಒಗದೇನಿ. ನೀವೇನ ಕಾಳಜಿ ಮಾಡಬ್ಯಾಡ್ರಿ.”

ಒಳಕೋಣೆಯಿಂದ ಮಗಳ ನಗು ಉಕ್ಕಿತು. “ಅವ್ವಾ, ಅವು ಸೊಳ್ಳಿ ಅಲ್ಲವ್ವಾ! ನಿನ್ನ ಅಳಿಯ ಮೂರು ತಿಂಗಳು ಕೂತು ಕೈಯಾರೆ ಮಾಡಿದ್ದು. ಅಯ್ಯೋ, ನಗಿಸಬೇಡ್ರೋ, ಡಾಕ್ಟರು ನಗಬಾರ್ದು ಅಂದಿದಾರೆ!”

ಅಳಿಯ ಕೈಕಾಲು ತೊಳೆದು ಬಂದ. ಊಟ ಮಾಡಿದ, ತಟ್ಟೆ ತೊಳೆದಿಟ್ಟ. ಮರುದಿನ ಬೆಳಿಗ್ಗೆ ಮಾತ್ರ ಕೆಳಗೆ ಕಸದ ಕೋಣೆಯ ಬಾಗಿಲಲ್ಲಿ, ಕಳೆದ ಕರು ಹುಡುಕುವವನ ಹಾಗೆ ನಿಂತಿದ್ದನ್ನು ಎದುರುಮನೆಯ ಚೀನೀ ಆಂಟಿ ನೋಡಿದರಂತೆ.

ತಪ್ಪು ಮಾಡಿದ ಮೇಲೆ ತಿಳಿದುಕೊಳ್ಳಬೇಕಲ್ಲ. ಕೇಳಿದೆ. ಕೇಳಬಾರದಿತ್ತು! ಮಾತೇ ಆಡದ ಮನುಷ್ಯ ಎರಡು ತಾಸು ಹೇಳಿದ. ಸೊಳ್ಳೆಯ ದಾಯಾದಿಯೊಂದು ಇದೆ, ನಾವು ನೊರಜು ಎನ್ನುವುದು. ಅದು ಕೆರೆಯ ತಳದ ಕೆಸರಿನಲ್ಲಿ ಕೆಂಪು ಹುಳುವಾಗಿ ಬೆಳೆಯುತ್ತದೆ. ರೆಕ್ಕೆ ಬರುವ ಮುಂಚೆ ನಡುನೀರಿಗೆ ಎದ್ದು, ಮೇಲೂ ಬಾರದೆ ಕೆಳಗೂ ಹೋಗದೆ ತೂಗುತ್ತ ನಿಲ್ಲುತ್ತದೆ. ಟ್ರೌಟ್ ಮೀನಿಗೆ ಅದೇ ಹೋಳಿಗೆ. ಸಣ್ಣ ಕೊಕ್ಕೆಗೆ ದಾರ ಸುತ್ತಿ ಅದೇ ರೂಪ ಮಾಡಿ, ಮೇಲೆ ತೇಲುವ ಬೆಂಡು ಕಟ್ಟಿ ನೀರಿಗೆ ಇಳಿಬಿಡಬೇಕು.

“ಆಮ್ಯಾಲೆ ಏನ ಮಾಡ್ತೀರಿ?”

“ಏನೂ ಮಾಡಬಾರದು ಅತ್ತೆ. ಅದೇ ಕಷ್ಟ. ಎಳೀಬಾರದು, ಅಲ್ಲಾಡಿಸಬಾರದು. ಬೆಂಡನ್ನೇ ನೋಡ್ತಾ ಸುಮ್ನೆ ಇರಬೇಕು. ಮೂರು ಗಂಟೆ ಆಗಬಹುದು, ಇಡೀ ದಿನ ಆಗಬಹುದು.”

“ಮೀನ ಸಿಕ್ಕ ಮ್ಯಾಲೆ?”

“ನೀರಲ್ಲೇ ಕೈಯಲ್ಲಿ ಹಿಡ್ಕೊಂಡು, ಹತ್ತು ಎಣಿಸೋದ್ರೊಳಗೆ ಬಿಟ್ಟುಬಿಡ್ತೀನಿ.”

“ಬಿಡೂದಿದ್ರ ಹಿಡಿಯೂದ್ಯಾಕ್ರೀ?”

“ಅದು ಇದೆ ಅಂತ ಒಂದ್ಸಲ ಕೈಗೆ ಗೊತ್ತಾದ್ರೆ ಸಾಕು.”

ಶಿವನೇ! ಇದಕ್ಕಾಗಿ ಹತ್ತು ತಾಸು ವಿಮಾನದಲ್ಲಿ ಕೂತು ನ್ಯೂಜಿಲೆಂಡಿಗೆ ಹೋಗಿ ಬರುತ್ತಾನೆ ಈ ಮಹಾರಾಯ. ಹೋದ ಸಲ ಐದು ದಿನಕ್ಕೆ ಒಂದು ಮೀನು ಸಿಕ್ಕಿತ್ತಂತೆ. ಅದಕ್ಕೂ ಬಿಡುಗಡೆ. ಇದಕ್ಕೆ ನಾನು ಮನಸ್ಸಿನಲ್ಲೇ ಸೋಮಾರಿತನ ಎಂದು ಹೆಸರಿಟ್ಟೆ.

ನನ್ನ ಕೈಗೆ ಮೊದಲಿನಿಂದಲೂ ಒಂದು ರೋಗ, ಸುಮ್ಮನಿರಲು ಬಾರದು. ಟಿವಿ ನೋಡುವಾಗ ಹೂಬತ್ತಿ ಹೊಸೆಯುತ್ತೇನೆ, ಫೋನಿನಲ್ಲಿ ಮಾತಾಡುವಾಗ ಗೆಜ್ಜೆವಸ್ತ್ರ ಮಾಡುತ್ತೇನೆ. ಹತ್ತಿ ಇಲ್ಲದಿದ್ದರೆ ಸೆರಗಿನ ತುದಿಯನ್ನಾದರೂ ಹೊಸೆಯುತ್ತಿರುತ್ತೇನೆ. ಹಾಗಿರುವಾಗ ಅಳಿಯ ಎರಡು ಭೂತಗನ್ನಡಿ ಹಾಕಿಕೊಂಡು, ಜೋಳದ ಕಾಳಿಗಿಂತ ಚಿಕ್ಕ ಕೊಕ್ಕೆಗೆ ದಾರ ಸುತ್ತಲು ಒದ್ದಾಡುವುದನ್ನು ಎಷ್ಟು ದಿನ ನೋಡುವುದು? “ಕೊಡ್ರಿ ಇಲ್ಲೆ” ಎಂದೆ. ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು, ಬತ್ತಿ ಹೊಸೆದ ಹಾಗೆ ಒಂದೇ ಉಸಿರಿಗೆ ಸುತ್ತಿ ಗಂಟು ಹಾಕಿದೆ. ಅಳಿಯ ಕನ್ನಡಿಯೊಳಗಿಂದ ನೋಡಿದ. ತೆಗೆದು ನೋಡಿದ. ನನ್ನ ಕೈ ನೋಡಿದ.

“ಅತ್ತೆ... ಇನ್ನೊಂದು ಮಾಡ್ತೀರಾ?”

ಹೀಗೆ, ನಿತ್ಯ ಲಿಂಗಪೂಜೆ ಮಾಡುವ ಗದಗಿನ ಮುದುಕಿ ನ್ಯೂಜಿಲೆಂಡಿನ ಮೀನುಗಳಿಗೆ ಮೋಸ ಮಾಡುವ ಕೆಲಸಕ್ಕೆ ಸೇರಿದಳು! ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಾನೆ, ಮೀನಿಗೆ ಹೆಚ್ಚು ನೋವಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗಡಿಯ ಕೆಂಪು ದಾರದ ಬಣ್ಣ ಸರಿಯಿಲ್ಲ ಎಂದು ಒಂದು ದಿನ ಅವನು ಗೊಣಗುತ್ತ, ನನ್ನ ಇಲಕಲ್ ಸೀರೆಯ ಸೆರಗನ್ನೇ ನೋಡುತ್ತಿದ್ದ. ಒಂದು ಎಳೆ ಕಿತ್ತುಕೊಟ್ಟೆ. ವಾರ ಕಳೆಯುವುದರೊಳಗೆ ಸೆರಗು ಎರಡು ಬೆರಳು ಗಿಡ್ಡಾಗಿತ್ತು.

ಕಟ್ಟಿದ್ದು ನೀರಿನಲ್ಲಿ ಹೇಗೆ ನಿಲ್ಲುತ್ತದೆ ಎಂದು ನೋಡಬೇಕಲ್ಲ. ಬಾಲ್ಕನಿಯಲ್ಲಿ ಗಾಜಿನ ದೊಡ್ಡ ಜಾಡಿಗೆ ನೀರು ತುಂಬಿ, ಹನ್ನೆರಡು ನೊರಜುಗಳನ್ನು ಇಳಿಬಿಟ್ಟ. ಸರಿಯಾಗಿ ಅದೇ ದಿನ ಸೊಳ್ಳೆ ತಪಾಸಣೆಯ ಹೆಂಗಸು ಬಾಗಿಲು ಬಡಿಯಬೇಕೇ! ನಿಂತ ನೀರು ಹುಡುಕುತ್ತ ಮನೆಮನೆಗೆ ಬರುವವರು. ಟಾರ್ಚು ಹಿಡಿದು ಹೂಕುಂಡ ನೋಡಿದಳು, ಬಕೆಟ್ಟು ನೋಡಿದಳು, ಜಾಡಿಯ ಮುಂದೆ ಬಂದು ಬಾಯಿ ತೆರೆದಳು.

“ಆಂಟಿ! ಸೋ ಮೆನಿ, ಆ!”

ನನಗೆ ಬರುವ ಇಂಗ್ಲಿಷಿನಲ್ಲಿ “ನೋ ಸೊಳ್ಳೆ! ಅಳಿಯ ಮೇಕಿಂಗ್!” ಎಂದೆ. ಅವಳಿಗೆ ಏನರ್ಥವಾಯಿತೋ, ಮುಖ ಇನ್ನೂ ಗಂಭೀರವಾಯಿತು. ಕೊಳವೆ ಹಾಕಿ ಹುಳು ಹೀರಲು ನೋಡಿದಳು, ಬರಲಿಲ್ಲ. ಟಾರ್ಚು ಬಿಟ್ಟಳು, ಒಂದೂ ಮಿಸುಕಲಿಲ್ಲ. ಇಂಥ ಧೈರ್ಯದ ಹುಳುಗಳನ್ನು ಅವಳು ಕಂಡಿರಲಾರಳು! ಅಷ್ಟರಲ್ಲಿ ಅಳಿಯ ಕೋಣೆಯಿಂದ ಓಡಿಬಂದು, ಒಂದನ್ನು ದಾರ ಹಿಡಿದು ಎತ್ತಿ ತೋರಿಸಿದ. ಅವಳು ನಕ್ಕಳು, ಆದರೂ ಜಾಡಿಯ ನೀರನ್ನು ಚೆಲ್ಲಿಸಿಯೇ ಹೋದಳು. ಬಾಗಿಲು ಹಾಕಿ ತಿರುಗಿದ ಅಳಿಯನ ಮುಖದಲ್ಲಿ ಮದುವೆಯ ದಿನವೂ ಕಾಣದ ಕಳೆ!

“ಅತ್ತೆ, ಅವರು ದಿನಾ ಬೆಳಗಾದ್ರೆ ಇದನ್ನೇ ನೋಡೋರು. ಅವರೇ ಮೋಸಹೋದ್ರು ಅಂದ್ರೆ, ಮೀನು ಯಾವ ಲೆಕ್ಕ!”

ಇನ್ನು ಗಾಳದ ಕೋಲು ಬೀಸುವ ಅಭ್ಯಾಸ. ಅದಕ್ಕೆ ನೀರೇ ಬೇಡ. ಕಟ್ಟಡದ ಪಕ್ಕದ ಹುಲ್ಲಿನ ಮೈದಾನದಲ್ಲಿ ನಿಂತು, ಉದ್ದನೆಯ ಕೋಲಿನಿಂದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಾನೆ. ನೆಲಮಹಡಿಯಲ್ಲಿ ಗೋಡೆಯಿಲ್ಲದೆ ತೆರೆದು ಬಿಟ್ಟ ವಾಯ್ಡ್ ಡೆಕ್‌ನಲ್ಲಿ ಕಾಫಿ ಕುಡಿಯುತ್ತ ಕೂರುವ ಚೀನೀ ಮುದುಕರಿಗೆ ಅದೇ ಸಿನಿಮಾ.

“ಬಾಸ್, ವೇರ್ ಗಾಟ್ ಫಿಶ್?” ಎಂದು ಒಬ್ಬರು ಕೂಗಿದರು.

“ನ್ಯೂಜಿಲೆಂಡ್, ಅಂಕಲ್!”

“ವಾ, ಯುವರ್ ಲೈನ್ ವೆರಿ ಲಾಂಗ್, ಲಾ!”

ಎಲ್ಲ ನಗೆಯೇ ಆಗಿದ್ದರೆ ಚೆನ್ನಾಗಿತ್ತು. ಎಂಟನೇ ತಿಂಗಳು ಬೀಳುತ್ತಲೇ ಅವನ ನ್ಯೂಜಿಲೆಂಡ್ ಪ್ರಯಾಣ ಎಂದು ಗೊತ್ತಾಯಿತು. ನಾಲ್ಕು ದಿನ. ವರ್ಷದ ಹಿಂದೆಯೇ ಬುಕ್ ಮಾಡಿದ್ದಂತೆ. ನನಗೆ ಸಿಟ್ಟು ನೆತ್ತಿಗೇರಿತು. ಅಳಿಯನಿಗೆ ಹೇಳುವ ಹಾಗಿಲ್ಲ, ಮಗಳಿಗೆ ಹೇಳಿದೆ.

“ಹೊಟ್ಯಾಗಿನ ಕೂಸಿಗಿಂತ ಮೀನ ಹೆಚ್ಚಾತೇನ?”

“ನಾನೇ ಹೋಗು ಅಂದಿದೀನಿ ಬಿಡವ್ವಾ. ಇಲ್ಲಿದ್ರೆ ಸೋಫಾದಲ್ಲಿ ಕೂತು ನನ್ನ ಹೊಟ್ಟೆನೇ ನೋಡ್ತಿರ್ತಾರೆ. ಬೆಂಡು ನೋಡಿದ ಹಾಗೆ!”

ಹೋಗಬೇಕಾದ್ದಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಮಗಳು ಕೂಗಿದ ಕೂಗಿಗೆ ಸೌಟು ಕೆಳಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳು ಹುಟ್ಟಿಯೇ ಬಿಟ್ಟಿದ್ದಳು. ಒಂದೂವರೆ ಕಿಲೋ. ಗದಗಿನ ಸಂತೆಯಲ್ಲಿ ನಾನು ಅದಕ್ಕಿಂತ ಭಾರದ ಸೋರೆಕಾಯಿ ತಂದಿದ್ದೇನೆ. ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಗೆ, ಎದೆಯ ಮೇಲೆ ತಂತಿ. ಉಸಿರಾಡುವುದನ್ನೇ ನಡುನಡುವೆ ಮರೆಯುತ್ತದೆ, ಇನ್ನೂ ಕೆಲವು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಎಂಟು ವರ್ಷ ಕಾದದ್ದು ಆ ಪೆಟ್ಟಿಗೆಯೊಳಗೆ, ಮೇಲೂ ಬಾರದೆ ಕೆಳಗೂ ಹೋಗದೆ ತೂಗುತ್ತಿತ್ತು.

ಪೆಟ್ಟಿಗೆಯ ಪಕ್ಕದಲ್ಲಿ ಕೈ ತೂರಿಸಲು ಒಂದು ದುಂಡನೆಯ ಕಿಂಡಿ. ಕೈ ಚೆನ್ನಾಗಿ ತೊಳೆದು ಒಬ್ಬರು ಮುಟ್ಟಬಹುದು ಎಂದರು. ಅಜ್ಜಿ ಸುಮ್ಮನಿರುತ್ತಾಳೆಯೇ? ಮೂವರನ್ನು ಹೆತ್ತವಳು, ಓಣಿಯ ಕೂಸುಗಳಿಗೆಲ್ಲ ಎರೆದವಳು! ಕೈ ಹಾಕಿ ಕಾಲು ಸವರಿದೆ, ಬೆನ್ನು ನೇವರಿಸಿದೆ. ಕೂಸು ಬೆಚ್ಚಿತು, ಮೆಷಿನ್ನು ಕೂಗಿತು. ನರ್ಸಮ್ಮ ಓಡಿಬಂದಳು. ಇಷ್ಟು ಎಳೆಯ ಕೂಸಿಗೆ ಸವರಿದರೆ ಸುಖವಲ್ಲ, ಹಿಂಸೆಯಂತೆ. ಅಂಗೈಯನ್ನು ಮೆಲ್ಲಗೆ ಮೈಮೇಲಿಟ್ಟು, ಅಲುಗಾಡಿಸದೆ ಇರಬೇಕು. ಅಷ್ಟೇ. ಮತ್ತೆ ಇಟ್ಟೆ. ನನ್ನ ಹಾಳು ಬೆರಳು ತಾನಾಗಿಯೇ ಹೊಸೆಯಲು ಶುರು ಮಾಡಿತು! ಮೆಷಿನ್ನು ಮತ್ತೆ ಕೂಗಿತು. ಕೈ ಹೊರಗೆ ತೆಗೆದು ಅತ್ತುಬಿಟ್ಟೆ.

ಆಮೇಲೆ ಅಳಿಯ ಕೈ ಇಟ್ಟ.

ಇಟ್ಟವನು ಮೂರು ತಾಸು ತೆಗೆಯಲಿಲ್ಲ. ಮಾತಿಲ್ಲ, ಫೋನಿಲ್ಲ, ಮೈ ತುರಿಸಿದರೂ ಮುಟ್ಟಲಿಲ್ಲ. ಆ ಬೆರಳುದ್ದದ ಎದೆ ಏಳುವುದನ್ನೂ ಬೀಳುವುದನ್ನೂ ನೋಡುತ್ತ ಕೂತ. ಮೆಷಿನ್ನು ಕೂಗಲಿಲ್ಲ. ನರ್ಸಮ್ಮ ಬಂದು ನೋಡಿದಳು, ಹೋದಳು, ಇನ್ನೊಬ್ಬಳನ್ನು ಕರೆತಂದು ತೋರಿಸಿದಳು. ನ್ಯೂಜಿಲೆಂಡಿನ ವಿಮಾನ ಹಾರುವ ದಿನವೂ ಹಾಗೆಯೇ ಕೂತಿದ್ದ. ಅವನಿಗೆ ಅದು ನೆನಪಾದಂತೆಯೂ ಕಾಣಲಿಲ್ಲ. ಮರುದಿನವೂ, ಅದರ ಮರುದಿನವೂ ಹಾಗೆಯೇ. ಯಾವ ಕೆರೆಯ ದಂಡೆಯಲ್ಲಿ, ಯಾವ ಚಳಿಯಲ್ಲಿ ನಿಂತು ಕಲಿತುಬಂದಿದ್ದನೋ ಈ ವಿದ್ಯೆಯನ್ನು! ನಾನು ಇದಕ್ಕೇ ಅಲ್ಲವೇ ಸೋಮಾರಿತನ ಎಂದು ಹೆಸರಿಟ್ಟಿದ್ದು?

ಹತ್ತನೆಯ ದಿನ, “ಅತ್ತೆ, ಬನ್ನಿ” ಎಂದ.

“ನಾ ಒಲ್ಲೆರಿ. ನನ್ನ ಕೈ ಸುಮ್ಮ ಇರೂದಿಲ್ಲ.”

“ಇರತ್ತೆ. ಏನೂ ಮಾಡ್ಬೇಡಿ. ಅವಳು ಇದಾಳೆ ಅಂತ ಕೈಗೆ ಗೊತ್ತಾದ್ರೆ ಸಾಕು.”

ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಒಳಗೆ ಇಳಿಸಿದ. ಅಳಿಯ ಅತ್ತೆಯ ಕೈ ಹಿಡಿಯುವುದು ನಮ್ಮಲ್ಲಿ ಪದ್ಧತಿಯಲ್ಲ. ಆ ದಿನ ಪದ್ಧತಿ ಯಾರಿಗೆ ಬೇಕಿತ್ತು! ಅಂಗೈಯ ಕೆಳಗೆ, ಹತ್ತಿಯ ಎಳೆಯಷ್ಟು ಸಣ್ಣಗೆ, ಡಬ್ ಡಬ್ ಎನ್ನುತ್ತಿತ್ತು.

ಐದು ವಾರಕ್ಕೆ ಮನೆಗೆ ಕಳಿಸಿದರು. ಎರಡೂಕಾಲು ಕಿಲೋ! ಈಗ ಸೋರೆಕಾಯಿಯನ್ನು ಸೋಲಿಸಿದ್ದಾಳೆ. ನರ್ಸಮ್ಮ ಕೂಸನ್ನು ಸುತ್ತಿ ಅಳಿಯನ ಕೈಗೆ ಕೊಟ್ಟಳು. ಟ್ಯಾಕ್ಸಿಯಲ್ಲಿ ಮುಂದೆ ಮಗಳು, ಹಿಂದೆ ನಾವಿಬ್ಬರು.

“ಕೊಡ್ರಿ, ಸ್ವಲ್ಪ ನಾ ಹಿಡೀತೇನಿ” ಎಂದು ಕೈ ಚಾಚಿದೆ.

“ಒಂದ್ನಿಮಿಷ ಇರಿ ಅತ್ತೆ.”

ನಾನು ಮನಸ್ಸಿನಲ್ಲೇ ಹತ್ತು ಎಣಿಸಿದೆ. ನೂರು ಎಣಿಸಿದೆ. ಮತ್ತೆ ಕೇಳಲಿಲ್ಲ. ಟೋವಾ ಪಾಯೋ ಬರುವವರೆಗೂ ಎರಡೂ ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದು ಬೆರಳೂ ಅಲುಗಿಸದೆ, ಅವನ ಕೈಯಲ್ಲಿದ್ದುದನ್ನೇ ನೋಡುತ್ತ ಕೂತಿದ್ದೆ.